ಗಣಕಯಂತ್ರದ ಪರದೆಗಳು: ಸಿಆರ್‌ಟಿ ಮತ್ತು ಎಲ್‌ಸಿಡಿ

ಗಣಕಯಂತ್ರದ ಪರದೆ ಅಥವಾ ಮಾನಿಟರ್ ಎಂಬುದು ಗಣಕಯಂತ್ರವು ಸಂಸ್ಕರಿಸಿದ ಮಾಹಿತಿಯನ್ನು ಅಕ್ಷರ ಮತ್ತು ಚಿತ್ರಗಳ ರೂಪದಲ್ಲಿ ತೋರಿಸುವ ಸಾಧನ. ಹಳೆಯ ಪರದೆಗಳು ಕ್ಯಾಥೋಡ್ ಕಿರಣ ನಳಿಕೆಯನ್ನು, ಅಂದರೆ ಸಿಆರ್‌ಟಿಯನ್ನು ಆಧರಿಸಿದ್ದವು. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದಲ್ಲಿ ಅವುಗಳ ಸ್ಥಾನವನ್ನು ದ್ರವಸ್ಫಟಿಕ ಪರದೆಗಳು, ಅಂದರೆ ಎಲ್‌ಸಿಡಿಗಳು ಪಡೆದುಕೊಂಡವು.

ಸಿಆರ್‌ಟಿ ಪರದೆ

ಜರ್ಮನಿಯ ಭೌತವಿಜ್ಞಾನಿ ಫರ್ಡಿನಾಂಡ್ ಬ್ರೌನ್ 1897ರಲ್ಲಿ ಈ ಬಗೆಯ ನಳಿಕೆಯನ್ನು ರೂಪಿಸಿದನು. ನಿರ್ವಾತ ಗಾಜಿನ ನಳಿಕೆಯ ಹಿಂಬದಿಯಿಂದ ಹೊರಡುವ ಎಲೆಕ್ಟ್ರಾನ್ ಕಿರಣವನ್ನು ತಾಮ್ರದ ಸುರುಳಿಗಳ ಕಾಂತಕ್ಷೇತ್ರವು ಬಾಗಿಸುತ್ತದೆ. ಕಿರಣವು ಮುಂಭಾಗದ ಫಾಸ್ಫರ್ ಲೇಪನಕ್ಕೆ ತಗುಲಿದಾಗ ಆ ಬಿಂದು ಬೆಳಗುತ್ತದೆ. ಸಾಲು ಸಾಲಾಗಿ ಇಡೀ ಪರದೆಯನ್ನು ಸೆಕೆಂಡಿಗೆ ಸುಮಾರು 60 ಅಥವಾ ಅದಕ್ಕೂ ಹೆಚ್ಚು ಬಾರಿ ಹೀಗೆ ಬೆಳಗಿಸಲಾಗುತ್ತದೆ. ಈ ವೇಗ ಕಡಿಮೆಯಾದರೆ ಚಿತ್ರ ಮಿನುಗುತ್ತದೆ, ಕಣ್ಣು ಬಳಲುತ್ತದೆ. ಕಿರಣವು ಪರದೆಯ ಅಂಚುಗಳವರೆಗೆ ಹರಡಲು ಉದ್ದನೆಯ ನಳಿಕೆ ಬೇಕಾಗುವುದರಿಂದ ಇಂತಹ ಪರದೆಗಳು ಆಳವಾಗಿಯೂ ಭಾರವಾಗಿಯೂ ಇರುತ್ತವೆ.

ಎಲ್‌ಸಿಡಿ ಪರದೆ

ದ್ರವಸ್ಫಟಿಕದ ಗುಣವನ್ನು 1888ರಲ್ಲಿ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೆಡ್ರಿಕ್ ರೈನಿಟ್ಜರ್ ಗುರುತಿಸಿದನು. ದ್ರವಸ್ಫಟಿಕವು ಸ್ವತಃ ಬೆಳಗುವುದಿಲ್ಲ. ಹಿಂದಿನ ದೀಪದಿಂದ ಬರುವ ಬೆಳಕನ್ನು ಎರಡು ಧ್ರುವಕ ಹಾಳೆಗಳ ನಡುವೆ ನಿಂತು ಬೇಕಾದಷ್ಟು ಮಾತ್ರ ಬಿಡುತ್ತದೆ. 1920×1080 ಬಿಂದುಗಳ ಪರದೆಯಲ್ಲಿ 20 ಲಕ್ಷಕ್ಕೂ ಹೆಚ್ಚು ಬಿಂದುಗಳಿದ್ದು, ಪ್ರತಿಯೊಂದರಲ್ಲೂ ಕೆಂಪು, ಹಸಿರು ಮತ್ತು ನೀಲಿ ಭಾಗಗಳಿರುತ್ತವೆ. ಬಿಂದುಗಳ ಸ್ಥಾನ ಸ್ಥಿರವಾಗಿರುವುದರಿಂದ ಕನ್ನಡದ ಒತ್ತಕ್ಷರಗಳಂತಹ ಸಣ್ಣ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ. ಆದರೆ ಪರದೆಯ ನಿಜವಾದ ಬಿಂದುಸಂಖ್ಯೆಗಿಂತ ಬೇರೆ ಅಳತೆಯನ್ನು ಆರಿಸಿದರೆ ಅಕ್ಷರಗಳು ಮಸುಕಾಗುತ್ತವೆ. ಮಾರುಕಟ್ಟೆಯಲ್ಲಿ ‘ಎಲ್‌ಇಡಿ ಮಾನಿಟರ್’ ಎಂದು ಮಾರಾಟವಾಗುವ ಹೆಚ್ಚಿನ ಪರದೆಗಳು ಎಲ್‌ಇಡಿ ಹಿಂಬೆಳಕಿರುವ ಎಲ್‌ಸಿಡಿಗಳೇ. ಒಎಲ್‌ಇಡಿ ಪರದೆಯಲ್ಲಿ ಮಾತ್ರ ಪ್ರತಿ ಬಿಂದುವೂ ತಾನೇ ಬೆಳಗುತ್ತದೆ.

ನೋಟದ ಕೋನ ಮತ್ತು ಬೆಂಗಳೂರಿನ ಸಂಶೋಧನೆ

ಸಿಆರ್‌ಟಿ ಚಿತ್ರವು ಯಾವ ಬದಿಯಿಂದ ನೋಡಿದರೂ ಬಹುತೇಕ ಒಂದೇ ರೀತಿ ಕಾಣುತ್ತದೆ. ಆರಂಭದ ಎಲ್‌ಸಿಡಿಗಳಲ್ಲಿ ಓರೆಯಾಗಿ ನೋಡಿದಾಗ ಬಣ್ಣಗಳು ಬದಲಾಗುತ್ತಿದ್ದವು. 1977ರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ. ಕೆ. ಸದಾಶಿವ ಮತ್ತು ಕೆ. ಎ. ಸುರೇಶ್ ಅವರು ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿದರು. ಅಲ್ಲಿಯವರೆಗೆ ತಿಳಿದಿದ್ದ ದ್ರವಸ್ಫಟಿಕಗಳ ಅಣುಗಳು ಕಡ್ಡಿಯಾಕಾರದವು. ಇಂತಹ ತಟ್ಟೆಯಾಕಾರದ ಅಣುಗಳಿಂದ ತಯಾರಿಸಿದ ತೆಳುಪೊರೆಗಳು ಮುಂದೆ ಎಲ್‌ಸಿಡಿಗಳ ನೋಟದ ಕೋನವನ್ನು ಹಿಗ್ಗಿಸಲು ಬಳಕೆಗೆ ಬಂದವು.

ವಿಲೇವಾರಿ

ಸಿಆರ್‌ಟಿಯಲ್ಲಿ ಉಂಟಾಗುವ ಕ್ಷ-ಕಿರಣಗಳನ್ನು ತಡೆಯಲು ಅದರ ಗಾಜಿಗೆ ಸೀಸವನ್ನು ಬೆರೆಸಲಾಗುತ್ತಿತ್ತು. ತಾಮ್ರದ ಆಸೆಗೆ ಗುಜರಿಯಲ್ಲಿ ನಳಿಕೆಯನ್ನು ಒಡೆದರೆ ನಿರ್ವಾತದಿಂದಾಗಿ ಗಾಜು ಸಿಡಿಯಬಹುದು, ಸೀಸವು ಮಣ್ಣಿಗೆ ಸೇರಬಹುದು. ಹಳೆಯ ಎಲ್‌ಸಿಡಿಗಳ ಹಿಂಬೆಳಕಿನ ದೀಪಗಳಲ್ಲಿ ಪಾದರಸವಿರುತ್ತದೆ. ಭಾರತದಲ್ಲಿ ಇ-ತ್ಯಾಜ್ಯ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದಿದ್ದು, ಇಂತಹ ಪರದೆಗಳನ್ನು ಅಧಿಕೃತ ಮರುಬಳಕೆ ಘಟಕಗಳಿಗೆ ಒಪ್ಪಿಸಬೇಕಾಗುತ್ತದೆ.