ಡಿಫರೆನ್ಷಿಯಲ್ ಲಾಕರ್: ತೋಟದ ಜೀಪಿಗೆ ಅಗತ್ಯವೇ?

ಕೊಡಗು, ಚಿಕ್ಕಮಗಳೂರು, ಸಕಲೇಶಪುರ ಭಾಗಗಳ ಕಾಫಿ, ಕಾಳುಮೆಣಸು ಮತ್ತು ಏಲಕ್ಕಿ ವಹಿವಾಟಿನಲ್ಲಿ ನಾಲ್ಕು ಚಕ್ರ ಚಾಲನೆಯ ವಾಹನವು ವಿಲಾಸದ ವಸ್ತುವಲ್ಲ; ಅದು ದುಡಿಮೆಯ ಸಾಧನ. ಮುಂಗಾರಿನ ನಾಲ್ಕು ತಿಂಗಳು ಗೊಬ್ಬರ, ಡೀಸೆಲ್, ಯಂತ್ರದ ಬಿಡಿಭಾಗ ಹಾಗೂ ಕಾರ್ಮಿಕರನ್ನು ತೋಟದ ಒಳದಾರಿಗಳಲ್ಲಿ ಸಾಗಿಸಲು ಅದನ್ನೇ ನೆಚ್ಚಬೇಕು. ಅಂತಹ ವಾಹನವು ಕೆಸರಿನಲ್ಲಿ ಹೂತು ನಿಂತಾಗ ಆಗುವ ನಷ್ಟವನ್ನು ತಪ್ಪಿಸಲು ಡಿಫರೆನ್ಷಿಯಲ್ ಲಾಕರ್ ಅಳವಡಿಸುವ ಸಲಹೆ ಆಗಾಗ ಕೇಳಿಬರುತ್ತದೆ. ವೆಚ್ಚ ಸಣ್ಣದಲ್ಲವಾದ್ದರಿಂದ ಅದರ ಗುಣದೋಷಗಳನ್ನು ತೂಗಿ ನೋಡುವುದು ಒಳಿತು.

ಡಿಫರೆನ್ಷಿಯಲ್‌ನ ಕೆಲಸ

ವಾಹನವು ತಿರುವಿನಲ್ಲಿ ಸಾಗುವಾಗ ಹೊರಬದಿಯ ಚಕ್ರವು ಒಳಬದಿಯ ಚಕ್ರಕ್ಕಿಂತ ಹೆಚ್ಚು ದೂರ ಉರುಳಬೇಕು. 6 ಮೀಟರ್ ತ್ರಿಜ್ಯದ ತಿರುವಿನಲ್ಲಿ, ಚಕ್ರಗಳ ನಡುವಣ ಅಂತರ 1.4 ಮೀಟರ್ ಇದ್ದರೆ, ಕಾಲು ಸುತ್ತು ತಿರುಗುವಷ್ಟರಲ್ಲಿ ಎರಡೂ ಚಕ್ರಗಳು ಕ್ರಮಿಸುವ ದೂರದಲ್ಲಿ ಸುಮಾರು 2.2 ಮೀಟರ್ ವ್ಯತ್ಯಾಸವಾಗುತ್ತದೆ. ಈ ವ್ಯತ್ಯಾಸಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್.

ಆದರೆ ಇದೇ ಗುಣವು ಕೆಸರಿನಲ್ಲಿ ದೋಷವಾಗುತ್ತದೆ. ಸಾಧಾರಣ ಡಿಫರೆನ್ಷಿಯಲ್ ಎರಡೂ ಚಕ್ರಗಳಿಗೆ ಸಮಾನವಾದ ತಿರುಚು ಬಲವನ್ನು ಹಂಚುತ್ತದೆ. ಕೆಸರಿನಲ್ಲಿರುವ ಚಕ್ರವು 10 ಪಾಲು ಬಲವನ್ನಷ್ಟೇ ತಡೆದುಕೊಂಡರೆ, ಗಟ್ಟಿ ನೆಲದ ಮೇಲಿರುವ ಇನ್ನೊಂದಕ್ಕೂ 10 ಪಾಲೇ ದೊರೆಯುತ್ತದೆ, ಒಟ್ಟು 20. ಗಟ್ಟಿ ನೆಲದ ಚಕ್ರವು 80 ಪಾಲು ಬಲವನ್ನು ನೆಲಕ್ಕೆ ಊರಬಲ್ಲುದಾಗಿದ್ದರೂ ಆ ಶಕ್ತಿ ವ್ಯರ್ಥ. ಲಾಕರ್ ಎರಡೂ ಆಕ್ಸಲ್ ದಂಡಗಳನ್ನು ಒಂದೇ ಆಗಿ ಬಂಧಿಸುವುದರಿಂದ 10 ಮತ್ತು 80 ಸೇರಿ 90 ಪಾಲು ಎಳೆತ ಲಭ್ಯವಾಗುತ್ತದೆ. ಟ್ರ್ಯಾಕ್ಟರ್ ಚಾಲಕರು ಉಳುಮೆಯಲ್ಲಿ ಕಾಲಿನಿಂದ ಒತ್ತುವ ಡಿಫ್ ಲಾಕ್ ಪೆಡಲ್ ಮಾಡುವುದೂ ಇದನ್ನೇ.

ಫೋರ್ ವ್ಹೀಲ್ ಗೇರ್ ಹಾಕಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಜೀಪಿನಂತಹ ವಾಹನಗಳಲ್ಲಿ ಆ ಗೇರ್ ಮುಂದಿನ ಮತ್ತು ಹಿಂದಿನ ಆಕ್ಸಲ್‌ಗಳನ್ನು ಪರಸ್ಪರ ಜೋಡಿಸುತ್ತದೆಯೇ ಹೊರತು, ಪ್ರತಿ ಆಕ್ಸಲ್‌ನ ಎಡ-ಬಲ ಚಕ್ರಗಳನ್ನಲ್ಲ. ಆದ್ದರಿಂದ ಹಳ್ಳ ದಾಟುವಾಗ ಮುಂದಿನ ಎಡ ಚಕ್ರ ಹಾಗೂ ಹಿಂದಿನ ಬಲ ಚಕ್ರ ನೆಲ ಬಿಟ್ಟರೆ, ಆ ಎರಡೇ ತಿರುಗಿ ವಾಹನ ನಿಲ್ಲುತ್ತದೆ.

ಲಭ್ಯವಿರುವ ಬಗೆಗಳು

ಮೊದಲನೆಯದು, ಚಾಲಕನು ಬೇಕೆಂದಾಗ ಹಾಕಿ ತೆಗೆಯುವ ಲಾಕರ್. ಕೇಬಲ್, ಗಾಳಿಯ ಒತ್ತಡ ಅಥವಾ ವಿದ್ಯುತ್ತಿನಿಂದ ಇದು ಕೆಲಸ ಮಾಡುತ್ತದೆ. ಫೋರ್ಸ್ ಗೂರ್ಖಾ ವಾಹನದಲ್ಲಿ ಎರಡೂ ಆಕ್ಸಲ್‌ಗಳಿಗೆ ಇಂತಹ ಲಾಕರ್ ಕಾರ್ಖಾನೆಯಿಂದಲೇ ಬರುತ್ತದೆ.

ಎರಡನೆಯದು, ತಾನಾಗಿಯೇ ಬಂಧಿಸಿಕೊಳ್ಳುವ ಲಾಕರ್. 2015ರ ಪರಿಷ್ಕೃತ ಮಹೀಂದ್ರ ಥಾರ್‌ನ ಹಿಂದಿನ ಆಕ್ಸಲ್‌ಗೆ ಈಟನ್ ಕಂಪನಿಯ ಇಂತಹ ಲಾಕರ್ ನೀಡಲಾಯಿತು. ಎರಡು ಚಕ್ರಗಳ ವೇಗದಲ್ಲಿ ನಿಮಿಷಕ್ಕೆ ಸುಮಾರು 100 ಸುತ್ತಿನ ವ್ಯತ್ಯಾಸ ಬಂದೊಡನೆ ಇದು ಬಂಧಿಸಿಕೊಳ್ಳುತ್ತದೆ. ಗಂಟೆಗೆ ಸುಮಾರು 30 ಕಿ.ಮೀ. ಮೀರಿದ ವೇಗದಲ್ಲಿ ಬಂಧಿಸಿಕೊಳ್ಳುವುದಿಲ್ಲ.

ಮೂರನೆಯದು, ತಟ್ಟೆಗಳ ಘರ್ಷಣೆಯಿಂದ ಜಾರುವಿಕೆಯನ್ನು ಕಡಿಮೆ ಮಾಡುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಇದು ಪೂರ್ಣ ಬಂಧನವಲ್ಲ. ತಟ್ಟೆಗಳು ಸವೆದಂತೆ ಪರಿಣಾಮ ಕುಗ್ಗುತ್ತದೆ. ನಾಲ್ಕನೆಯದು, ಜಾರುವ ಚಕ್ರಕ್ಕೆ ಮಾತ್ರ ಬ್ರೇಕ್ ಹಿಡಿಯುವ ಎಲೆಕ್ಟ್ರಾನಿಕ್ ವ್ಯವಸ್ಥೆ. 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಮಾರುತಿ ಜಿಮ್ನಿಯಲ್ಲಿ ಇದನ್ನು ಕಾಣಬಹುದು. ಇಂತಹ ವ್ಯವಸ್ಥೆ ಈಗಾಗಲೇ ಇರುವ ವಾಹನಕ್ಕೆ ಲಾಕರ್‌ನಿಂದ ದೊರೆಯುವ ಹೆಚ್ಚುವರಿ ಲಾಭ ಕಡಿಮೆ.

ಗಮನಿಸಬೇಕಾದ ಅಪಾಯಗಳು

ಲಾಕರ್ ಹಾಕಿಕೊಂಡು ಡಾಂಬರು ರಸ್ತೆಯಲ್ಲಿ ತಿರುಗಿಸಿದರೆ ಟೈರು ಉಜ್ಜಿ ಸವೆಯುತ್ತದೆ, ವಾಹನ ನೇರವಾಗಿ ಸಾಗಲು ಹವಣಿಸುತ್ತದೆ. ಮುಂದಿನ ಆಕ್ಸಲ್‌ನಲ್ಲಾದರೆ ಸ್ಟೀರಿಂಗ್ ಬಹಳ ಭಾರವಾಗುತ್ತದೆ. ಒಂದೇ ಚಕ್ರಕ್ಕೆ ಹಿಡಿತವಿದ್ದಾಗ ಪೂರ್ಣ ಬಲವು ಒಂದೇ ಆಕ್ಸಲ್ ದಂಡದ ಮೇಲೆ ಬೀಳುವುದರಿಂದ ಹಳೆಯ ವಾಹನಗಳಲ್ಲಿ ದಂಡ ಮುರಿಯುವ ಸಂಭವವುಂಟು.

ಇವೆಲ್ಲಕ್ಕಿಂತ ಮುಖ್ಯವಾದುದು ಸುರಕ್ಷತೆ. ಒಂದು ಬದಿಗೆ ವಾಲಿದ ಒದ್ದೆ ದಾರಿಯಲ್ಲಿ ಸಾಧಾರಣ ಆಕ್ಸಲ್‌ನ ಒಂದು ಚಕ್ರ ಜಾರಿದರೂ ಇನ್ನೊಂದು ನೆಲವನ್ನು ಹಿಡಿದಿರುತ್ತದೆ. ಲಾಕರ್ ಹಾಕಿದಾಗ ಎರಡೂ ಒಟ್ಟಿಗೆ ಜಾರಿ, ವಾಹನವು ಇಳಿಜಾರಿನತ್ತ ಅಡ್ಡಡ್ಡ ಸರಿಯಬಹುದು. ಪಕ್ಕದಲ್ಲಿ ಕಣಿವೆಯಿರುವ ತೋಟದ ದಾರಿಯಲ್ಲಿ ಇದು ಪ್ರಾಣಾಂತಿಕ. ಸಂಬಳದ ಚಾಲಕರೇ ವಾಹನ ನಡೆಸುವ ಕಡೆ ಅವರಿಗೆ ಈ ವಿಷಯವನ್ನು ಮನವರಿಕೆ ಮಾಡಿಕೊಡದೆ ಲಾಕರ್ ಅಳವಡಿಸುವುದು ಸಲ್ಲದು.

ಲೆಕ್ಕಾಚಾರ

ತೀರ್ಮಾನಕ್ಕೆ ಮುನ್ನ ಒಂದು ಮಳೆಗಾಲ ಪೂರ್ತಿ ವಾಹನ ಎಷ್ಟು ಬಾರಿ ಹೂತಿತು, ಪ್ರತಿ ಬಾರಿಯ ನಷ್ಟವೆಷ್ಟು ಎಂಬುದನ್ನು ಬರೆದಿಡುವುದು ಸೂಕ್ತ. ಉದಾಹರಣೆಗೆ, ಟ್ರ್ಯಾಕ್ಟರ್ ಬಾಡಿಗೆ 1,500 ರೂ., ಕಾರ್ಮಿಕರ ವ್ಯರ್ಥ ಸಮಯ 2,000 ರೂ. ಎಂದು ಭಾವಿಸಿದರೆ ಪ್ರತಿ ಬಾರಿಗೆ 3,500 ರೂ. ವರ್ಷಕ್ಕೆ 6 ಬಾರಿಯಾದರೆ 21,000 ರೂ. ಲಾಕರ್ ಮತ್ತು ಜೋಡಣೆಯ ಒಟ್ಟು ವೆಚ್ಚ 84,000 ರೂ. ಎಂದಿಟ್ಟುಕೊಂಡರೆ, ಅದು ಹೂಳುವಿಕೆಯನ್ನು ಸಂಪೂರ್ಣ ತಪ್ಪಿಸಿದರೂ ಹಣ ಮರಳಲು 4 ವರ್ಷ ಬೇಕು. ವರ್ಷಕ್ಕೆ ಎರಡೇ ಬಾರಿಯಾದರೆ 12 ವರ್ಷ! ಸದಸ್ಯರು ತಮ್ಮ ತಮ್ಮ ಅಂಕಿಗಳನ್ನು ಹಾಕಿ ನೋಡಬಹುದು.

ಇದಕ್ಕೂ ಮೊದಲು ಅಗ್ಗದ ಉಪಾಯಗಳನ್ನು ಪರೀಕ್ಷಿಸಬೇಕು. ಕೆಸರಿಗೆ ತಕ್ಕ ಆಳವಾದ ಗೀರಿನ ಟೈರು, ಟೈರಿನ ಗಾಳಿಯನ್ನು ಮಿತವಾಗಿ ಇಳಿಸುವುದು, ಮಲೆನಾಡಿನಲ್ಲಿ ರೂಢಿಯಲ್ಲಿರುವಂತೆ ಚಕ್ರಕ್ಕೆ ಸರಪಳಿ ಸುತ್ತುವುದು, ದಾರಿಯ ಕೆಟ್ಟ ತಿರುವಿಗೆ ಜಲ್ಲಿ ಹಾಕಿ ನೀರು ಹರಿಯಲು ಚರಂಡಿ ತೆಗೆಯುವುದು – ಇವುಗಳಿಂದಲೇ ಬಹುಪಾಲು ತೊಂದರೆ ನೀಗಬಹುದು. ನಾಲ್ಕೂ ಚಕ್ರಗಳು ಜಾರುವ ಆಳ ಕೆಸರಿನಲ್ಲಿ ಲಾಕರ್‌ನ ಉಪಯೋಗ ಅಲ್ಪ. ಹೊಟ್ಟೆಯೇ ನೆಲಕ್ಕೆ ತಾಗಿ ಕುಳಿತ ವಾಹನಕ್ಕೆ ವಿಂಚ್ ಒಂದೇ ದಾರಿ.

ಅಳವಡಿಸುವುದಾದರೆ

ಇಷ್ಟಾದರೂ ಉಬ್ಬುತಗ್ಗಿನ ದಾರಿಯಲ್ಲಿ ಚಕ್ರ ಎತ್ತಿ ನಿಲ್ಲುವುದೇ ನಿತ್ಯದ ತೊಂದರೆಯಾಗಿದ್ದರೆ, ಹಿಂದಿನ ಆಕ್ಸಲ್‌ಗೆ ಮಾತ್ರ, ಚಾಲಕನ ಹಿಡಿತದಲ್ಲಿರುವ ಲಾಕರ್ ಹಾಕಿಸುವುದು ಯುಕ್ತ. ಏರುದಾರಿಯಲ್ಲಿ ಭಾರ ಹಿಂದಕ್ಕೆ ಬೀಳುವುದರಿಂದ ಅಲ್ಲಿಯೇ ಪ್ರಯೋಜನ ಹೆಚ್ಚು. ಲಾಕರ್‌ನ ಸ್ಪ್ಲೈನ್ ಹಲ್ಲುಗಳ ಸಂಖ್ಯೆ ವಾಹನದ ಆಕ್ಸಲ್ ದಂಡಕ್ಕೆ ಹೊಂದುವುದೇ ಎಂದು ಖರೀದಿಗೆ ಮುನ್ನ ಖಚಿತಪಡಿಸಿಕೊಳ್ಳಬೇಕು. ಕ್ರೌನ್ ಮತ್ತು ಪಿನಿಯನ್‌ಗಳ ನಡುವಣ ಸಡಿಲವನ್ನು ಡಯಲ್ ಗೇಜ್‌ನಿಂದ ಅಳೆದು ಹೊಂದಿಸುವ ಅನುಭವವಿರುವ ಮೆಕ್ಯಾನಿಕ್‌ಗೇ ಕೆಲಸ ಒಪ್ಪಿಸಬೇಕು; ಇದು ತಪ್ಪಿದರೆ ಗೇರುಗಳೇ ಹಾಳಾಗುತ್ತವೆ. ಖಾತರಿ ಅವಧಿಯಲ್ಲಿರುವ ವಾಹನವಾದರೆ ತಯಾರಕರ ಷರತ್ತುಗಳನ್ನು ಓದಿ, ವಿಮಾ ಸಂಸ್ಥೆಗೆ ಲಿಖಿತವಾಗಿ ತಿಳಿಸಬೇಕು. ವಾಹನದ ಮಾರ್ಪಾಡುಗಳನ್ನು ನಿಯಂತ್ರಿಸುವ 1988ರ ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಬಗ್ಗೆ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಒಟ್ಟಿನಲ್ಲಿ ಟೈರು ಮೊದಲು, ದಾರಿಯ ದುರಸ್ತಿ ನಂತರ, ಲಾಕರ್ ಕೊನೆಗೆ. ಈ ಅನುಕ್ರಮವನ್ನು ಪಾಲಿಸಿದ ಉದ್ಯಮಿಗೆ ಲಾಕರ್ ಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ತನ್ನ ಲೆಕ್ಕದ ಪುಸ್ತಕದಲ್ಲಿಯೇ ದೊರೆಯುತ್ತದೆ.