ಬದುವಿನ ಮೇಲೆ ಮೊಳೆತ ನೋವು

ಎಂಡೊಮೆಟ್ರಿಯೋಸಿಸ್ ಇದ್ದರೆ ಮುಟ್ಟಿನ ನೋವು ಅಷ್ಟು ತೀವ್ರವೇಕೆ? ಊಟ, ನಡಿಗೆಯಿಂದ ಗುಣವಾಗುತ್ತದೆಯೇ? – ಓದುಗರೊಬ್ಬರು, ತಿರ್ಲಾಪುರ

ಗರ್ಭಕೋಶದ ಒಳಪದರದಂಥ ಅಂಗಾಂಶ ಅಂಡಾಶಯ, ಕರುಳಿನ ಮೇಲೆ ಬೆಳೆಯುವುದೇ ಈ ಕಾಯಿಲೆ. ನಿಮ್ಮ ಎರಿ ಹೊಲದಲ್ಲಿ ಬಿತ್ತುವಾಗ ಬದುವಿಗೆ ಸಿಡಿದ ಹೆಸರುಕಾಳು ಅದೇ ಮಳೆಗೆ ಅಲ್ಲೂ ಮೊಳೆಯುತ್ತದಲ್ಲ? ಇಲ್ಲಿ ಈಸ್ಟ್ರೋಜೆನ್ ಹಾರ್ಮೋನೇ ಆ ಮಳೆ. ಒಳಪದರದ ರಕ್ತ ಮುಟ್ಟಾಗಿ ಹರಿದುಹೋಗುತ್ತದೆ; ಹೊರಗೆ ಬೆಳೆದದ್ದರ ರಕ್ತಕ್ಕೆ ದಾರಿಯಿಲ್ಲ. ಅಲ್ಲೇ ನಿಂತು ಉರಿಯೂತ, ನೋವು ತರುತ್ತದೆ.

ಜೋಳದ ರೊಟ್ಟಿ, ಕಾಳುಪಲ್ಯ, ನಿತ್ಯದ ನಡಿಗೆ, ಒಳ್ಳೆಯ ನಿದ್ದೆ ಒಟ್ಟಾರೆ ಆರೋಗ್ಯಕ್ಕೆ ಬೇಕೇ ಬೇಕು. ಬಿಸಿನೀರಿನ ಶಾಖವೂ ಹಿತ. ಆದರೆ ಬೆಳೆದ ಅಂಗಾಂಶವನ್ನು ಇವು ಕರಗಿಸವು. ಬೆಳವಣಿಗೆ ತಡೆಯಲು ಹಾರ್ಮೋನ್ ಮಾತ್ರೆ, ತೆಗೆಯಲು ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆ ಇದೆ. ನೋವಿಗೆ ಶಾಲೆ, ಹೊಲದ ಕೆಲಸ ತಪ್ಪುತ್ತಿದ್ದರೆ ‘ಮದುವೆಯಾದರೆ ಸರಿಹೋಗುತ್ತದೆ’ ಎಂದು ಕಾಯಬೇಡಿ. ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ತೋರಿಸಿ.