ಮುಧೋಳ ನಾಯಿಗೊಂದು ಎರಡನೆಯ ಮನೆ

ಸಂಡೂರಿನಂತೆ ಮುಧೋಳವನ್ನೂ ಹಿಂದೆ ಆಳಿದ್ದು ಘೋರ್ಪಡೆ ಮನೆತನ. ಮುಧೋಳದ ಅರಸರು ಪೋಷಿಸಿದ ಬೇಟೆನಾಯಿಯ ತಳಿಗೆ 2005ರಲ್ಲಿ ಅಂಚೆಚೀಟಿಯ ಗೌರವ ದೊರೆಯಿತು. 2016ರಲ್ಲಿ ಅದರ ಮರಿಗಳು ಸೈನ್ಯದ ತರಬೇತಿಗೆ ಮೀರತ್ತಿಗೆ ಹೋದವು. ಈ ಕೀರ್ತಿ ಕೇಳಿ ಹೊಸಪೇಟೆ, ಕಂಪ್ಲಿ ಕಡೆಯಲ್ಲೂ ನಮ್ಮ ಮಲೆನಾಡಿನಲ್ಲೂ ತೋಟದ ಕಾವಲಿಗೆಂದು ಮರಿ ತರುವವರುಂಟು.

ಆದರೆ ಇದು ಓಟಕ್ಕೆ ಹುಟ್ಟಿದ ಪ್ರಾಣಿ. ಸದಾ ಕಟ್ಟಿಹಾಕಿದರೆ ಕಳೆಗುಂದುತ್ತದೆ. ಬಿಟ್ಟರೆ ನೆರೆಯವರ ಕೋಳಿ, ಕುರಿಮರಿಗೆ ಆಪತ್ತು. ಬೇಸತ್ತವರು ದೂರದ ರಸ್ತೆಯಲ್ಲಿ ಇಳಿಸಿ ಬರುತ್ತಾರೆ. ಹಸಿವು, ಬಾಯಾರಿಕೆಗೆ ಈಡಾಗುವಂತೆ ಹೀಗೆ ಕೈಬಿಡುವುದು 1960ರ ಕಾಯ್ದೆಯಂತೆ ಅಪರಾಧ.

ಅಂಥ ನಾಯಿ ಸಿಕ್ಕರೆ ಮೊದಲು ನೆರಳು, ನೀರು, ಸ್ವಲ್ಪಸ್ವಲ್ಪವಾಗಿ ಆಹಾರ ಕೊಡಿ. ಪಶುವೈದ್ಯರಿಗೆ ತೋರಿಸಿ ರೇಬೀಸ್ ಲಸಿಕೆ ಹಾಕಿಸಿ. ಬೇಲಿಯಿರುವ ಅಂಗಳ, ದಿನವೂ ಓಡಾಟ, ಮನೆಯವರ ಒಡನಾಟ ಇರುವಲ್ಲಿಗೇ ಒಪ್ಪಿಸಿ. ಮರಿ ಮಾರುವ ಆಸೆಯವರಿಗೆ ಬೇಡ. ಸಂತಾನಹರಣ ಮಾಡಿಸಿಯೇ ಕೊಡುವುದು ಮೇಲು. ಮೈಗೂದಲು ತೆಳುವಾದ್ದರಿಂದ ಮಳೆಗಾಲದಲ್ಲಿ ಒಣ ಹಾಸಿಗೆ ಬೇಕು. ದರೋಜಿ ಕರಡಿಧಾಮದ ಅಂಚಿನವರು ಹಗ್ಗವಿಲ್ಲದೆ ಹೊರಗೆ ಬಿಡಬಾರದು.

ತಳಿಯನ್ನು ಕಾಯಲು ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವಿದೆ. ಬೀದಿಗೆ ಬಿದ್ದ ನಾಯಿಯನ್ನು ಕಾಯುವುದು ನಮ್ಮ ಪಾಲಿನ ಕೆಲಸ. ಮರಿ ಕೊಳ್ಳುವ ಮುನ್ನ ಮನೆ ಕಳೆದುಕೊಂಡ ದೊಡ್ಡ ನಾಯಿಯೊಂದನ್ನು ಸಾಕಬಹುದೇ ಎಂದು ಸದಸ್ಯ ಬಾಂಧವರು ಯೋಚಿಸಬೇಕೆಂದು ನಮ್ಮ ವಿನಂತಿ.